ಹನ್ನೊಂದನೇ ನಂಬರಿನ ವಾಹನದಲ್ಲಿ ಒಲೆ ಉರಿಯುತ್ತಿತ್ತು

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೂರು ಸಲವೂ ಒಂದು ಸಂಗತಿಯನ್ನು ಬಿಟ್ಟು ಬರೆದಿದ್ದೆ. ಅದನ್ನು ಬಿಟ್ಟಿದ್ದರಿಂದ ಪತ್ರ ಬಹಳ ಚೆನ್ನಾಗಿತ್ತು: ತಪ್ಪೆಲ್ಲ ನಿಮ್ಮದು, ನ್ಯಾಯವೆಲ್ಲ ನನ್ನದು. ನಾಲ್ಕನೇ ಸಲ ಅದನ್ನೇ ಮೊದಲು ಬರೆಯುತ್ತಿದ್ದೇನೆ. ಕಳೆದ ತಿಂಗಳು ಹದಿನೆಂಟನೇ ತಾರೀಖು ನಿಮ್ಮ ಜವಾನ ಸಂತೆ ಮೈದಾನದ ಹಿಂದಿದ್ದ ಹಳೇ ಬಸ್ಸಿನ ಮೇಲೆ ಹಳದಿ ಬಣ್ಣದಲ್ಲಿ ಹನ್ನೊಂದು ಎಂದು ಬರೆದುಹೋದ. ಆ ಬಸ್ಸಿನೊಳಗೆ ಏಳು ವರ್ಷದಿಂದ ಸಂಸಾರ ಮಾಡುತ್ತಿದ್ದ ಜೈನಾಬಮ್ಮ ಅದರ ಅರ್ಥವೇನೆಂದು ಕೇಳಲು ನನ್ನ ಬಳಿಗೆ ಬಂದರು. ಅದು ಮನೆ ನಂಬರು, ಹೆದರಬೇಡಿ ಎಂದು ಹೇಳಿ ಕಳಿಸಿದವಳು ನಾನು. ಒಂಬತ್ತು ದಿನ ಕಳೆದ ಮೇಲೆ ನೀವು ಆ ಮನೆಗೆ ಸರಪಳಿ ಬಿಗಿದು ಎಳೆಸಿಕೊಂಡು ಹೋದಿರಿ.

ಈಗ ಅದು ನಿಮ್ಮ ಕಚೇರಿಯ ಹಿಂದಿನ ಆವರಣದಲ್ಲಿ, ಮುರಿದ ಕಸದ ಗಾಡಿಗಳ ಪಕ್ಕದಲ್ಲಿದೆ. ನಿಮ್ಮ ಫಲಕದಲ್ಲಿ ಅಂಟಿಸಿರುವ ಪ್ರಕಟಣೆಯ ಪ್ರಕಾರ ಇದೇ ಆಗಸ್ಟ್ ಹದಿನಾರರಂದು ಅದನ್ನು 'ವಾರಸುದಾರರಿಲ್ಲದ ವಾಹನ' ಎಂದು ಗುಜರಿಗೆ ಹರಾಜು ಹಾಕಲಾಗುತ್ತದೆ. ಅದು ವಾಹನವಲ್ಲ, ಅದಕ್ಕೆ ವಾರಸುದಾರರಿದ್ದಾರೆ ಎಂದು ಹೇಳಲು ಈ ಪತ್ರ. ಇದರ ಒಂದು ಪ್ರತಿ ವಾರಪತ್ರಿಕೆಗೂ ಹೋಗುತ್ತದೆ. ಊರಿನ ಹೆಸರನ್ನು ಮಾತ್ರ ಎಲ್ಲಿಯೂ ಬರೆದಿಲ್ಲ. ಹೊನ್ನಾಳಿಯವರು ಓದಿ ಇದು ಚನ್ನಗಿರಿ ಎಂದುಕೊಳ್ಳಲಿ, ಚನ್ನಗಿರಿಯವರು ಜಗಳೂರು ಎಂದುಕೊಳ್ಳಲಿ, ಜಗಳೂರಿನವರು ನ್ಯಾಮತಿಯತ್ತ ಬೆರಳು ತೋರಿಸಲಿ. ಹಾಗೆ ಎಲ್ಲರಿಗೂ ಒಂದೊಂದು ಪಕ್ಕದ ಊರು ಇರುವುದರಿಂದಲೇ ತಮ್ಮಂಥವರ ಕೆಲಸ ಇಷ್ಟು ನೆಮ್ಮದಿಯಾಗಿ ನಡೆದಿದೆ.

ಬಸ್ಸಿನ ವಿಚಾರ ತಮಗೆ ಗೊತ್ತಿಲ್ಲದೆ ಇರಬಹುದು. ತಾವು ಇಲ್ಲಿಗೆ ವರ್ಗವಾಗಿ ಬಂದು ಇನ್ನೂ ವರ್ಷವಾಗಿಲ್ಲ. ಅದು ಅಲ್ಲಿಗೆ ಬಂದದ್ದು ಎಪ್ಪತ್ತಾರರಲ್ಲಿ. ಅದರ ಮಾಲೀಕರು ರೂಟು ಕೈತಪ್ಪಿದ ಮೇಲೆ ಎಂಜಿನ್ನು, ಗಾಲಿ, ಸೀಟು, ಹಾರ್ನು ಎಲ್ಲವನ್ನೂ ಬಿಚ್ಚಿ ಮಾರಿ, ಉಳಿದ ಚಿಪ್ಪನ್ನು ನಾಲ್ಕು ಕಲ್ಲುಗಳ ಮೇಲೆ ಕೂರಿಸಿ ಊರು ಬಿಟ್ಟರು. ಅದೇ ವರ್ಷ ಗೋವಿನಕೋವಿ ಕಡೆಯಿಂದ ಬಂದ ಸುಬಾನಸಾಬರನ್ನು ಮೂರನೇ ಬಾಡಿಗೆ ಕೋಣೆಯಿಂದ ಬಿಡಿಸಿದ್ದರು. ಕಾರಣ ಅವರ ಕಸುಬು. ಅವರು ಹಾಸಿಗೆಯ ಹತ್ತಿ ಹಿಂಜುವವರು. ಆಳೆತ್ತರದ ಬಿಲ್ಲು, ಅದಕ್ಕೆ ನರದ ಹುರಿ, ಹುರಿಯನ್ನು ಮೀಟಲು ಒಂದು ಮರದ ಕೊಡತಿ. ಹುರಿ ಮಿಡಿದಂತೆಲ್ಲ ಗಂಟು ಕಟ್ಟಿದ ಹತ್ತಿ ಬಿಡಿಸಿಕೊಂಡು ನೊರೆಯಂತೆ ಏಳುತ್ತದೆ. ಆದರೆ ಅದರ ಧೂಳು ಪಕ್ಕದ ಮನೆಯವರ ಅನ್ನದ ತಟ್ಟೆಗೆ ಹೋಗುತ್ತದೆ. ಹೊರಗೆ ಹಿಂಜಿದರೆ ಗಾಳಿಗೆ ಹತ್ತಿ ಹಾರುತ್ತದೆ. ಕತ್ತಲ ಕೋಣೆಯಲ್ಲಿ ಹಿಂಜಿದರೆ ಹತ್ತಿಯೊಳಗಿನ ಬೀಜ, ಕಡ್ಡಿ ಕಾಣುವುದಿಲ್ಲ. ತೇವವಿದ್ದರೆ ಹುರಿ ಸಡಿಲವಾಗುತ್ತದೆ. ಗಾಳಿ ಬಾರದ, ಬೆಳಕು ಬರುವ, ನೆಲದಿಂದ ಮೇಲಿರುವ ಕೋಣೆ ಎಲ್ಲಿ ಸಿಗುತ್ತದೆ? ಗಾಜು ಏರಿಸಿದ ಬಸ್ಸಿನಲ್ಲಿ ಸಿಗುತ್ತದೆ. ಇದನ್ನು ನಮ್ಮ ಊರಿನ ಯಾವ ಓವರ್‌ಸಿಯರೂ ಕಂಡುಹಿಡಿಯಲಿಲ್ಲ. ಸುಬಾನಸಾಬರು ಕಂಡುಹಿಡಿದರು.

ಹಿಂದಿನ ಅರ್ಧ ಹತ್ತಿಗೆ, ಮುಂದಿನ ಅರ್ಧ ಸಂಸಾರಕ್ಕೆ. ಚಾಲಕನ ಸೀಟಿದ್ದ ಕಡೆ ಒಲೆ. ಅದರ ಮೇಲಿನ ತಗಡಿನಲ್ಲಿ ಹಳೇ ಬರಹಗಳು ಹಾಗೇ ಉಳಿದಿದ್ದವು. ಒಂದು ಕಡೆ 'ಹೆಂಗಸರು', ಇನ್ನೊಂದು ಕಡೆ 'ಧೂಮಪಾನ ಮಾಡಬಾರದು'. ನಾನು ಹಾಸಿಗೆ ಹಿಂಜಿಸಲು ಹೋದಾಗಲೆಲ್ಲ ಸುಬಾನಸಾಬರು, "ನೋಡ್ರಿ ಅಕ್ಕೋರೆ, ಬರದೇ ಇಟ್ಟಾರೆ, ಇದು ಹೆಂಗಸ್ರ ಜಾಗ. ಅಡಿಗಿ ಮಾಡಾಕೆ ನಾನು ಆ ಕಡಿ ಹೋಗಂಗೇ ಇಲ್ಲ" ಎನ್ನುವರು. ಜೈನಾಬಮ್ಮ ಒಲೆಯ ಮುಂದಿನಿಂದಲೇ, "ಬೀಡಿ ಸೇದಬಾರ್ದು ಅಂತಾನೂ ಬರದೈತಂತಲ್ಲ. ಮಗಳು ಓದಿ ಹೇಳ್ಯಾಳೆ. ಅದೊಂದು ಇವರ ಕಣ್ಣಿಗೆ ಬೀಳಲ್ಲ" ಎನ್ನುವರು. ಮಗಳು ಅಮೀರುನ್ನೀಸಾ ಏಳನೇ ತರಗತಿಯವರೆಗೆ ನನ್ನ ವಿದ್ಯಾರ್ಥಿನಿ. ಹೋದ ವರ್ಷ ಮದುವೆಯಾಗಿ ಸಂತೇಬೆನ್ನೂರಿಗೆ ಹೋದಳು. ಆಕೆಯ ಬಗ್ಗೆ ಮುಂದೆ ಹೇಳುತ್ತೇನೆ. ಈ ಪತ್ರದಲ್ಲಿ ಅವಸರ ಇರುವುದು ಆಕೆಯ ಕಾರಣಕ್ಕೆ.

ಆ ಬಸ್ಸನ್ನು ಸರ್ಕಾರದ ಕಾಗದದಲ್ಲಿ ಮನೆ ಎಂದು ಮೊದಲು ಬರೆದವಳೂ ನಾನೇ. ಎಂಬತ್ತೊಂದರ ಜನಗಣತಿಗೆ ಮುಂಚೆ ಮನೆಗಳ ಪಟ್ಟಿ ಮಾಡಲು ನಮ್ಮ ಶಾಲೆಯ ಟೀಚರುಗಳನ್ನು ಹಾಕಿದ್ದರು. ಒಂದು ಡಬ್ಬಿ ಕಾವಿ ಬಣ್ಣ, ಒಂದು ಕುಂಚ, ಒಂದು ಕಟ್ಟು ನಮೂನೆ. ಬಸ್ಸಿನ ಮುಂದೆ ನಿಂತು ಅನುಮಾನ ಬಂತು. ಮೇಲ್ವಿಚಾರಕರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರು ತಾಲ್ಲೂಕು ಕಚೇರಿಯ ಹಳೇ ಮನುಷ್ಯ. ತಲೆ ಎತ್ತದೆ ಕೇಳಿದರು: "ಒಲಿ ಹಚ್ತಾರೇನ್ರೀ ಅಲ್ಲಿ?" ಹಚ್ಚುತ್ತಾರೆ ಎಂದೆ. "ಹಂಗಾರೆ ಮನಿ. ನಂಬರ್ ಹೊಡೀರಿ. ಕೆಳಗೆ ಗಾಲಿ ಐತೋ ಪಾಯ ಐತೋ ನಮಗ್ಯಾಕೆ?" ನಾನು ಬರೆದುಕೊಂಡೆ. ಗೋಡೆ: ತಗಡು. ಮಾಡು: ತಗಡು. ನೆಲ: ಹಲಗೆ. ಉಪಯೋಗ: ವಾಸ ಮತ್ತು ಕಸುಬು. ಬಾಗಿಲ ಪಕ್ಕದಲ್ಲಿ ಕಾವಿ ಬಣ್ಣದಲ್ಲಿ ಅರವತ್ತೆರಡು ಎಂದು ನಂಬರು ಬರೆದೆ. ಭಾರತ ಸರ್ಕಾರದ ಲೆಕ್ಕದಲ್ಲಿ ಅದು ಮನೆ, ಒಳಗಿದ್ದ ಮೂವರು ಪ್ರಜೆಗಳು. ಎರಡೇ ವರ್ಷದಲ್ಲಿ ನಮ್ಮ ಪುರಸಭೆಯ ಲೆಕ್ಕದಲ್ಲಿ ಅದು ವಾಹನವಾಯಿತು, ಒಳಗಿದ್ದವರು ಯಾವ ಲೆಕ್ಕಕ್ಕೂ ಬರಲಿಲ್ಲ. ಸರ್ಕಾರಗಳು ಒಂದರ ಮಾತನ್ನು ಒಂದು ಕೇಳುವುದಿಲ್ಲವೆಂಬುದು ಹಳೇ ಸುದ್ದಿ. ಆದರೆ ಒಂದೇ ಬೀದಿಯಲ್ಲಿ ಎದುರು ಬದುರು ಕೂತ ನಮ್ಮ ಶಾಲೆ, ತಮ್ಮ ಕಚೇರಿಯವರೂ ಕೇಳುವುದಿಲ್ಲವೇ?

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಈ ವಾಹನ ತೆರವಿನ ಕೆಲಸ ಶುರುವಾದದ್ದು ನಮ್ಮ ಶಾಲೆಯ ದೂರಿನಿಂದ. ಶಾಲೆಯ ಗೇಟಿನ ಮಗ್ಗುಲಲ್ಲಿ ಗುತ್ತಿಗೆದಾರ ಬಸವರಾಜಪ್ಪನವರ ತುಕ್ಕು ಹಿಡಿದ ಜೀಪು ಐದು ವರ್ಷದಿಂದ ನಿಂತಿದೆ. ಇಬ್ಬರು ಮಕ್ಕಳಿಗೆ ಅದರ ತಗಡು ತಾಗಿ ಹೊಲಿಗೆ ಹಾಕಿಸಬೇಕಾಯಿತು. ಅದನ್ನು ತೆಗೆಸಿಕೊಡಿ ಎಂದು ಜೂನಿನಲ್ಲಿ ಅರ್ಜಿ ಕೊಟ್ಟೆವು. ಕರಡು ನನ್ನದೇ. ಜೀಪು ಎಂದು ಬರೆದರೆ ಸಣ್ಣತನವಾಗುತ್ತದೆ ಎಂದು 'ಸಾರ್ವಜನಿಕ ಸ್ಥಳಗಳಲ್ಲಿರುವ ಇಂಥ ಎಲ್ಲ ವಾಹನಗಳನ್ನು' ಎಂದು ಬರೆದೆ. ವಾಕ್ಯ ದೊಡ್ಡದಾದರೆ ನ್ಯಾಯವೂ ದೊಡ್ಡದಾಗುತ್ತದೆ ಎಂಬುದು ನನ್ನಂಥ ಓದಿದವರ ನಂಬಿಕೆ. ತಾವು ಆ ವಾಕ್ಯವನ್ನು ಅಕ್ಷರಶಃ ಪಾಲಿಸಿದಿರಿ, ಜೀಪೊಂದನ್ನು ಬಿಟ್ಟು.

ಜೀಪು ಉಳಿದದ್ದು ಹೇಗೆ ಎಂಬುದನ್ನು ಸುಬಾನಸಾಬರೇ ಹೇಳಿದರು. ರಂಜಾನ್ ಹಬ್ಬ ಮುಗಿದ ವಾರ ಪುರಸಭೆ ಡಂಗುರ ಸಾರಿಸಿತು. ವಾರಸುದಾರರಿಲ್ಲದ ವಾಹನಗಳನ್ನು ಅವುಗಳ ವಾರಸುದಾರರು ಏಳು ದಿನದೊಳಗೆ ತೆಗೆದುಕೊಂಡು ಹೋಗಬೇಕಂತೆ. (ಇಲ್ಲದವರು ಬಂದು ಹೇಗೆ ತೆಗೆದುಕೊಂಡು ಹೋಗಬೇಕು ಎಂದು ತಮ್ಮ ಕಚೇರಿಯಲ್ಲಿ ಯಾರೂ ಕೇಳಲಿಲ್ಲವೆಂದು ಕಾಣುತ್ತದೆ.) ಸುಬಾನಸಾಬರು ಅದನ್ನು ಬಸ್ಸಿನ ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡರು. ಕೇಳಿದವರು ಏನು ಮಾಡಿದರು? ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಬಸವರಾಜಪ್ಪನವರ ಮನೆಗೆ ಹೋದರು.

"ಬಸವರಾಜಪ್ಪಾರೆ, ನಿಮ್ ಜೀಪು ಎಳ್ಕಂಡು ಹೋಗ್ತಾರಂತೆ. ಈಗ ಸಾರಿದ್ರು. ಲಗೂನ ಏನಾರ ಮಾಡ್ರಿ."

ಬಸವರಾಜಪ್ಪನವರು ಲಗೂನ ಮಾಡಿದರು. ಮರುದಿನ ತಮ್ಮ ಕಚೇರಿಗೆ ಬಂದು ಕಾಫಿ ಕುಡಿದು ಹೋದರಂತೆ. ಜೀಪಿನ ಮೇಲೆ ಹಳದಿ ಬಣ್ಣ ಬೀಳಲೇ ಇಲ್ಲ. ನಿನ್ನೆಯೂ ಅದಕ್ಕೆ ತಾಗದಂತೆ ಸೆರಗು ಹಿಡಿದುಕೊಂಡು ಶಾಲೆಯ ಒಳಗೆ ಹೋದೆ. "ಅವತ್ತು ನಿಮ್ಮದೂ ಹೋಗುತ್ತದೆ ಎಂದು ಹೊಳೆಯಲಿಲ್ಲವೇ?" ಎಂದು ನಾನು ಸುಬಾನಸಾಬರನ್ನು ಕೇಳಿದೆ. ಅವರು ನನ್ನ ಮುಖವನ್ನು ವಿಚಿತ್ರವಾಗಿ ನೋಡಿದರು. "ಗಾಡಿ ಅಂದ್ರಲ್ರಿ ಅವರು. ನಮ್ದು ಮನಿ ಅಲ್ಲೇನ್ರಿ?"

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಹದಿನೆಂಟನೇ ತಾರೀಖು ಸೋಮವಾರ ಶಾಲೆ ಬಿಡುವ ಹೊತ್ತಿಗೆ ಜೈನಾಬಮ್ಮ ಗೇಟಿನ ಹತ್ತಿರ ಕಾಯುತ್ತಿದ್ದರು. "ಅಕ್ಕೋರೆ, ಪುರಸಭೆಯೋರು ಮನಿಗೆ ನಂಬರ್ ಹೊಡದು ಹೋದ್ರು. ಇದು ಒಳ್ಳೇದೋ ಕೆಟ್ಟದ್ದೋ, ಒಂದೀಟು ನೋಡಿ ಹೇಳ್ರಿ." ನನ್ನ ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟಿತ್ತು. ಹೋದೆ, ಆದರೆ ಚರಂಡಿ ದಾಟಲಿಲ್ಲ. ರಸ್ತೆಯ ಮೇಲೆಯೇ ನಿಂತು ನೋಡಿದೆ. ನಾನು ಬರೆದಿದ್ದ ಕಾವಿಯ ಅರವತ್ತೆರಡು ಮಸುಕಾಗಿತ್ತು, ಅದರ ಪಕ್ಕದಲ್ಲೇ ಹಳದಿ ಹನ್ನೊಂದು ಹೊಳೆಯುತ್ತಿತ್ತು. ಹಳೇ ನಂಬರಿನ ಪಕ್ಕ ಹೊಸ ನಂಬರು. ಇದರಲ್ಲಿ ಯೋಚಿಸುವುದೇನಿದೆ?

"ಹೊಸ ಮನೆ ನಂಬರು ಇರಬೇಕು ಜೈನಾಬಮ್ಮ. ಹೆದರಬೇಡಿ. ಇನ್ನು ಮೇಲೆ ಕಂದಾಯ ಕೇಳಿಕೊಂಡು ಬರುತ್ತಾರೆ, ನೋಡುತ್ತಿರಿ" ಎಂದು ನಕ್ಕೆ.

ಅವರೂ ನಕ್ಕರು. "ಬರ್ಲಿ ಬಿಡ್ರಿ. ಕಂದಾಯದ ಚೀಟಿ ಹರಿದು ಕೊಟ್ರು ಅಂದ್ರೆ ಮನಿ ನಮ್ದು ಅಂತ ಅವರೇ ಒಪ್ಪಿದಂಗೆ ಆತಲ್ಲ."

ತಮ್ಮ ಕಚೇರಿ ನಮ್ಮ ಶಾಲೆಯ ಎದುರಿಗೇ ಇದೆ. ನಲವತ್ತು ಹೆಜ್ಜೆ. ದಾಟಿ ಹೋಗಿ ಒಂದು ಮಾತು ಕೇಳಬಹುದಿತ್ತು. ಯಾಕೆ ಕೇಳಲಿಲ್ಲ ಎಂದು ಹನ್ನೊಂದು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸೋಮಾರಿತನ ಎಂದರೆ ಸುಲಭವಾಗುತ್ತದೆ; ಅದು ಪೂರ್ತಿ ನಿಜವಲ್ಲ. ನನ್ನಂಥವರಿಗೆ ಪುರಸಭೆಯ ನಂಬರು ಎಂದರೆ ಅಂಚೆ ಸರಿಯಾಗಿ ಬರುವುದು, ನಲ್ಲಿ ಸಿಗುವುದು, ಬೀದಿ ದೀಪಕ್ಕೆ ಅರ್ಜಿ ಹಾಕಲು ಆಗುವುದು. ನಲವತ್ತೈದು ವರ್ಷದಲ್ಲಿ ಯಾವ ಸರ್ಕಾರ ಬರೆದ ಯಾವ ನಂಬರೂ ನನಗೆ ಕೆಡುಕು ಮಾಡಿಲ್ಲ. ಆದ್ದರಿಂದ ಕೆಡುಕು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಜೈನಾಬಮ್ಮನಿಗೆ. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವಷ್ಟು ಬುದ್ಧಿ ಅವರಿಗಿತ್ತು. ಅವರ ಅನುಮಾನವನ್ನು ನನ್ನ ಓದು ಹೊಸಕಿ ಹಾಕಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಅವರು ನಮ್ಮ ಮನೆಗೆ ಕಾಗದದಲ್ಲಿ ಸಕ್ಕರೆ ಕಟ್ಟಿಕೊಂಡು ಬಂದರು, ಜೊತೆಗೆ ಒಂದು ಅಂಚೆ ಕಾರ್ಡು. ಅಮೀರುನ್ನೀಸಾ ಚೊಚ್ಚಲ ಬಸುರಿ. ಬಾಣಂತನಕ್ಕೆ ತವರಿಗೆ ಕಳಿಸಬೇಕು. ಆದರೆ ಆಕೆಯ ಅತ್ತೆ, "ಬಸ್ಸಿನಾಗೆ ಹಡಿಯಾಕೆ ನಮ್ ಸೊಸಿನ ಕಳಿಸಂಗಿಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಈಗ ನಂಬರು ಬಂದಿದೆಯಲ್ಲ! ಕಾರ್ಡು ಬರೆದುಕೊಟ್ಟವಳು ನಾನು. "ನಮ್ಮ ಮನೆಗೆ ಪುರಸಭೆಯಿಂದ ನಂಬರು ಆಗಿದೆ, ಮಗಳನ್ನು ಕಳಿಸಿಕೊಡಿ" ಎಂದು ಅವರು ಹೇಳಿದಂತೆ ಬರೆದು, ಕೆಳಗೆ ವಿಳಾಸವನ್ನೂ ಬರೆದೆ: ನಂಬರ್ ಹನ್ನೊಂದು, ಸಂತೆ ಮೈದಾನದ ಹಿಂಭಾಗ. ವಾರದಲ್ಲಿ ಉತ್ತರ ಬಂತು. ಬೀಗರು ಒಪ್ಪಿದ್ದರು. ಆಗಸ್ಟ್ ಇಪ್ಪತ್ತನಾಲ್ಕರಂದು ಮಗಳನ್ನು ಕರೆತಂದು ಬಿಡುತ್ತಾರಂತೆ.

ಉತ್ತರ ಬಂದದ್ದು ಮಂಗಳವಾರ. ತಮ್ಮ ಟ್ರ್ಯಾಕ್ಟರುಗಳು ಬಂದದ್ದು ಬುಧವಾರ.

ಆ ದಿನ ನಡೆದದ್ದನ್ನು ನನಗೆ ಹೇಳಿದವನು ತಮ್ಮ ಜವಾನ ತಿಪ್ಪೇಶಪ್ಪ, ನಂಬರು ಬರೆದವನು. ಆತನ ಮೇಲೆ ದಯವಿಟ್ಟು ಕ್ರಮ ಕೈಗೊಳ್ಳಬೇಡಿ. ಕಚೇರಿಯಲ್ಲಿ ಆ ದಿನದ ನೆನಪು ಇಟ್ಟುಕೊಂಡಿರುವವನು ಆತನೊಬ್ಬನೇ. ಸುಬಾನಸಾಬರು ಹತ್ತಿ ತರಲು ಹೋಗಿದ್ದರು. ಬಿಲ್ಲು ಮನೆಯಲ್ಲೇ ಇತ್ತು. ಪುರಸಭೆಯವರು ಬಾಗಿಲಿಗೆ ಬಂದಾಗ ಜೈನಾಬಮ್ಮ ಹೆದರಲಿಲ್ಲ. ಸೆರಗು ಸರಿಮಾಡಿಕೊಂಡು, "ಕಂದಾಯಕ್ಕೆ ಬಂದ್ರೇನ್ರಪ್ಪಾ? ನಮ್ಮೋರು ಊರಾಗಿಲ್ಲ. ಬರ್ರಿ, ಕೂತ್ಕಳ್ರಿ, ಚಾ ಮಾಡ್ತೀನಿ" ಎಂದರು. ಏಳು ಮಂದಿಗೆ ಚಹಾ ಮಾಡಿದರು. ಏಳು ಮಂದಿಯೂ ಕುಡಿದರು. ಆಮೇಲೆ ಸರಪಳಿ ಬಿಚ್ಚಿದರು.

"ಕುಡೀಬಾರ್ದಿತ್ತು ಅಕ್ಕೋರೆ" ಎಂದ ತಿಪ್ಪೇಶಪ್ಪ. "ಕುಡದ್ಮ್ಯಾಲೆ ಹೆಂಗೆ ಹೇಳಾದು ಅಂತ ಒಬ್ಬರ ಮಕ ಒಬ್ಬರು ನೋಡಿದ್ವಿ. ಕೊನಿಗೆ ಇನ್ನೊಬ್ಬ ಹೇಳ್ದ. ಒಲೀಗೆ ನೀರು ಹಾಕಿದ್ದು ಮಾತ್ರ ನಾನು."

"ಒಳಗೆ ಜನ ಇದ್ದಾರೆ ಎಂದು ನಂಬರು ಬರೆಯುವ ದಿನವೇ ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು. ಗಾಡಿ ನಂಬರ್ ಐತೆ, ಬಣ್ಣ ಐತೆ, ಜಾಗ ಐತೆ, ಎಲ್ಲಾದಕ್ಕೂ ಕಾಲಂ ಐತೆ ಆ ಪಟ್ಟೀಲಿ. ಮಂದಿ ಅದಾರಾ ಅನ್ನಾಕೆ ಕಾಲಂ ಇಲ್ರಿ. ಎಲ್ಲಿ ಬರೀಲಿ?"

ಮುಖ್ಯಾಧಿಕಾರಿಗಳೇ, ತಮ್ಮ ಪ್ರಕಟಣೆಯಲ್ಲಿ ಬಸ್ಸು 'ಸಂಚಾರಕ್ಕೆ ಅಡಚಣೆ' ಉಂಟುಮಾಡುತ್ತಿತ್ತು ಎಂದಿದೆ. ಅದರ ಹಿಂದೆ ಕಾರೆ ಗಿಡ, ಮುಂದೆ ಚರಂಡಿ. ಯಾರ ಸಂಚಾರ? ನನಗೆ ತಿಳಿದ ಮಟ್ಟಿಗೆ ಆ ಬಸ್ಸಿನಿಂದ ಊರಿನ ಸಂಚಾರಕ್ಕೆ ಅಡಚಣೆಯಾದದ್ದು ಏಳು ವರ್ಷದಲ್ಲಿ ಒಂದೇ ದಿನ, ತಾವು ಅದನ್ನು ಎಳೆಸಿದ ದಿನ. ಗಾಲಿಯಿಲ್ಲದ್ದನ್ನು ವಾಹನವೆಂದು ಸಾಬೀತುಪಡಿಸಲು ತಮಗೆ ಎರಡು ಟ್ರ್ಯಾಕ್ಟರು, ಆರು ಮರದ ದಿಮ್ಮಿ ಮತ್ತು ಐದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಜೈನಾಬಮ್ಮ ಹಿಂದೆಯೇ ನಡೆದು ಬಂದರಂತೆ, ಒಳಗೆ ಪಾತ್ರೆಗಳು ಉರುಳುವ ಸದ್ದು ಕೇಳುತ್ತಾ.

ಮರುದಿನ ಸುಬಾನಸಾಬರ ಜೊತೆ ನಾನು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ಬಸ್ಸಿನ ಆರ್.ಸಿ. ಪುಸ್ತಕ ಕೇಳಿದರು.

"ನಮ್ಮನೀಗೆ ಆರ್.ಸಿ. ಎಲ್ಲಿಂದ ತರ್ಲಿ ಸಾಹೇಬ್ರೆ? ನಿಮ್ಮನೀಗೆ ಐತೇನ್ರಿ?" ಎಂದರು ಸುಬಾನಸಾಬರು.

ಕಚೇರಿಯೆಲ್ಲ ನಕ್ಕಿತು. ಗುಮಾಸ್ತರೂ ನಕ್ಕು, "ಸಾಬ್ರೆ, ಮನಿ ಅಂತೀರಾದ್ರೆ ಖಾತೆ ತಗಂಬರ್ರಿ. ಬಸ್ಸು ಅಂತೀರಾದ್ರೆ ಆರ್.ಸಿ. ತಗಂಬರ್ರಿ. ಎರಡೂ ಇಲ್ಲ ಅಂದ್ರೆ ನಾನೇನ್ ಮಾಡಾಕಾಗ್ತತಿ?" ಎಂದರು. ಹೋಗಲಿ, ಬಿಲ್ಲು ಒಂದನ್ನಾದರೂ ಕೊಡಿ, ಬಿಲ್ಲಿದ್ದರೆ ಹಳ್ಳಿಗಳ ಮೇಲೆ ಹೋಗಿ ದುಡಿಯುತ್ತೇನೆ ಎಂದು ಸುಬಾನಸಾಬರು ಕೇಳಿದರು. ಒಳಗಿರುವ ಸಾಮಾನೆಲ್ಲ ವಾಹನದ ಜೊತೆಗೇ ಹರಾಜಂತೆ. ಹತ್ತಿ ಹಿಂಜುವ ಬಿಲ್ಲು ಬಸ್ಸಿನ ಯಾವ ಭಾಗಕ್ಕೆ ಸೇರುತ್ತದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು. ಬ್ರೇಕಿಗೋ, ಸ್ಟೇರಿಂಗಿಗೋ?

ಆಗ ಗುಮಾಸ್ತರು ನನ್ನ ಕಡೆ ತಿರುಗಿದರು. ನನ್ನ ಹಾಸಿಗೆಯೊಂದು ಹಿಂಜಲು ಅಲ್ಲಿತ್ತು. "ಅಕ್ಕೋರೆ, ನಿಮ್ದು ಬೇಕಾದ್ರೆ ಈಗ್ಲೇ ತಗಂಡ್ ಹೋಗ್ರಿ. ನಿಮ್ದು ಅಂತ ನಮಗೆ ಗೊತ್ತಲ್ಲ" ಎಂದು ಬೀಗದ ಕೈ ತೆಗೆದರು. ನನ್ನನ್ನು ಯಾವ ಪುಸ್ತಕವನ್ನೂ ಕೇಳಲಿಲ್ಲ. ನಾನು ಎದ್ದೆ. ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ ಕೂಡ. ಹಿಂದಿನಿಂದ ಸುಬಾನಸಾಬರ ದನಿ ಬಂತು: "ಹೋಗ್ರಿ ಅಕ್ಕೋರೆ. ಬಲಗಡಿ ಮೂರನೇ ಕಿಟಕಿ ಹತ್ರ ಐತೆ ನಿಮ್ದು. ಮಳಿ ಬಂದ್ರೆ ಅಲ್ಲಿ ಸೋರ್ತತಿ, ಮದ್ಲು ತಗಂಡ್ಬಿಡ್ರಿ." ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತೆಗೆದುಕೊಂಡೇ ಬರುತ್ತಿದ್ದೆನೋ ಏನೋ. ಬರಿಗೈಯಲ್ಲಿ ವಾಪಸಾದೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ತಮ್ಮ ನಿಯಮದ ಬೀಗ ಯಾರಿಗೆ ತೆರೆಯುತ್ತದೆ, ಯಾರಿಗೆ ತೆರೆಯುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ ಎಂದು ಹೇಳುತ್ತಿದ್ದೇನೆ.

ತಮ್ಮ ಕಡೆಯ ವಾದ ನನಗೆ ಕೇಳಿಸದೆ ಇಲ್ಲ. ಸಾರ್ವಜನಿಕ ಜಾಗ; ಇವತ್ತು ಒಬ್ಬರನ್ನು ಬಿಟ್ಟರೆ ನಾಳೆ ಹತ್ತು ಜನ ಬರುತ್ತಾರೆ; ಅಲ್ಲಿ ಶೌಚಕ್ಕೆ ವ್ಯವಸ್ಥೆಯಿಲ್ಲ, ಬೆಂಕಿಯ ಭಯವಿದೆ, ಒಂದು ಕಡೆ ಹತ್ತಿ ಇನ್ನೊಂದು ಕಡೆ ಒಲೆ. ಇದರಲ್ಲಿ ಸುಳ್ಳು ಯಾವುದೂ ಇಲ್ಲ. ರಾತ್ರಿ ಮಲಗಿದಾಗ ನಾನೇ ತಮ್ಮ ಪರವಾಗಿ ಇನ್ನೂ ಚೆನ್ನಾಗಿ ವಾದಿಸುತ್ತೇನೆ, ಆಮೇಲೆ ನಿದ್ದೆ ಬರುವುದಿಲ್ಲ. ಯಾಕೆಂದರೆ ಎಲ್ಲ ವಾದಗಳೂ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಬೆಂಕಿಯ ಭಯವಿದ್ದ ಮನೆಯಿಂದ ಬಿಡಿಸಿ ಅವರನ್ನು ಎಲ್ಲಿಗೆ ಕಳಿಸಿದಿರಿ? ಸಂತೆ ಮೈದಾನದ ಕಟ್ಟೆಗೆ. ಅದಕ್ಕೆ ಮೂರು ಕಡೆ ಗೋಡೆಯಿಲ್ಲ. ಸಂತೆಯ ದಿನ ಬೆಳಗಾಗುವ ಮುಂಚೆ ಗಂಟುಮೂಟೆ ಕಟ್ಟಿ ಕಟ್ಟೆ ಖಾಲಿ ಮಾಡಬೇಕು, ಸಂಜೆ ಕೊಳೆತ ಟೊಮೇಟೊ ಗುಡಿಸಿ ಮತ್ತೆ ಹಾಸಿಕೊಳ್ಳಬೇಕು. ಹೋದ ವಾರದ ಮಳೆಯಲ್ಲಿ ಗಂಡ ಹೆಂಡತಿ ಒಂದು ಗೋಣಿಚೀಲವನ್ನು ಇಬ್ಬರ ತಲೆಯ ಮೇಲೂ ಹಿಡಿದು ಕೂತಿದ್ದನ್ನು ನಾನು ನೋಡಿದ್ದೇನೆ. ಸಾರ್ವಜನಿಕ ಜಾಗದಿಂದ ಎಬ್ಬಿಸಿ ಇನ್ನೊಂದು ಸಾರ್ವಜನಿಕ ಜಾಗದಲ್ಲಿ ಕೂರಿಸಿದ್ದೀರಿ. ನಡುವೆ ಕಳೆದದ್ದು ಮಾಡು, ಒಲೆ ಮತ್ತು ಕಸುಬು. ತೆರವು ಮಾಡಿದ್ದು ವಾಹನವನ್ನೇ ಆಗಿದ್ದರೆ ಇವೆಲ್ಲ ಹೇಗೆ ಕಳೆದವು?

ಸಂತೇಬೆನ್ನೂರಿಗೆ ಇನ್ನೊಂದು ಕಾರ್ಡು ಬರೆಯಬೇಕು. ಮನೆ ಹೋಯಿತು, ಮಗಳನ್ನು ಕಳಿಸಬೇಡಿ ಎಂದು. ತಪ್ಪು ಸುದ್ದಿ ಬರೆದ ಕೈಯೇ ಸರಿ ಸುದ್ದಿಯನ್ನೂ ಬರೆಯಬೇಕಲ್ಲ. ಎರಡು ಸಲ ಕಾರ್ಡು ಹಿಡಿದು ಕಟ್ಟೆಗೆ ಹೋದೆ. ಎರಡು ಸಲವೂ ಜೈನಾಬಮ್ಮ ತಡೆದರು. "ಬರೀಬ್ಯಾಡ್ರಿ ಅಕ್ಕೋರೆ. ಹದಿನಾರಕ್ಕೆ ಇನ್ನೂ ದಿನ ಐತಲ್ರಿ. ಆ ಅತ್ತಿ ಬಾಯಿ ನಿಮಗೆ ಗೊತ್ತಿಲ್ಲ. ಬಸ್ಸಿನಾಗೆ ಬೆಳದೋಳು ಅಂತ ಈಗ್ಲೇ ಅಂತಾಳೆ. ಕಟ್ಟೀ ಮ್ಯಾಲಿನೋರ ಮಗಳು ಅಂತ ಅನ್ನಿಸ್ಬೇಕೇನ್ರಿ?"

ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅರ್ಜಿ ಎಂದರೆ ಕೈ ತಾನಾಗಿಯೇ ಇಂಗ್ಲಿಷಿಗೆ ಹೋಗುತ್ತದೆ. ಹರಿದು ಹಾಕಿದ ಮೊದಲ ಎರಡು ಕರಡುಗಳೂ ಇಂಗ್ಲಿಷಿನಲ್ಲೇ ಇದ್ದವು, ತಾವೂ ಅದನ್ನು ಹೆಚ್ಚು ಗೌರವದಿಂದ ಓದುತ್ತಿದ್ದಿರಿ ಎಂದು ಬಲ್ಲೆ. ಆದರೆ ಯಾರ ಮನೆಯ ಬಗ್ಗೆ ಬರೆದಿದ್ದೇನೋ ಅವರಿಗೆ ಓದಿ ಹೇಳದೆ ಇದನ್ನು ಕಳಿಸಬಾರದು ಅನ್ನಿಸಿತು. ಒಮ್ಮೆ ಅವರ ಪರವಾಗಿ ನಾನೇ ಓದಿ ನಾನೇ ತೀರ್ಮಾನಿಸಿ ಆಗಿದೆ. ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಇಲ್ಲಿಯವರೆಗಿನದನ್ನು ಓದಿದೆ. ಸುಬಾನಸಾಬರು ಬಸವರಾಜಪ್ಪನವರ ವಿಚಾರ ಬಂದಾಗ, "ಅವರ ಹೆಸರು ಯಾಕ್ರಿ, ಅವರೂ ನಮ್ಮ ಗಿರಾಕಿನೇ" ಎಂದರು. ಜೈನಾಬಮ್ಮ ಮೊದಲ ಪುಟ ಕೇಳಿ ತಲೆ ಆಡಿಸಿದರು.

"ನೀವು ಹೇಳಿದ್ದು ಅಂತ ಬರೀಬ್ಯಾಡ್ರಿ, ತಗೀರಿ ಅದನ್ನ. ನಿಮ್ ಮಾತು ಕೇಳಿ ಒಂಬತ್ತು ದಿನ ಚಂದಾಗಿ ನಿದ್ದಿ ಮಾಡೀವಿ. ಏಳು ವರ್ಷದಾಗೆ ಹಂಗೆ ಮಲಗಿದ್ದಿಲ್ಲ."

ಇದಕ್ಕೆ ಏನು ಹೇಳಬೇಕೆಂದು ತಮಗೆ ಗೊತ್ತಾದರೆ ತಿಳಿಸಿ. ಅವರು ತೆಗೆಯಿರಿ ಎಂದ ವಾಕ್ಯವನ್ನು ನಾನು ತೆಗೆದಿಲ್ಲ.

ಹಾಗಾಗಿ ನಾನು ಕೇಳುವುದಿಷ್ಟು. ಹದಿನಾರರ ಹರಾಜಿನ ಪಟ್ಟಿಯಿಂದ ಹನ್ನೊಂದನೇ ನಂಬರನ್ನು ತೆಗೆಯಿರಿ. ಯಾವ ಟ್ರ್ಯಾಕ್ಟರುಗಳು ಅದನ್ನು ಎಳೆದು ತಂದವೋ ಅವೇ ಅದನ್ನು ವಾಪಸು ಒಯ್ದು ಆ ನಾಲ್ಕು ಕಲ್ಲುಗಳ ಮೇಲೆ ಕೂರಿಸಲಿ. ಜನಗಣತಿಯ ಪಟ್ಟಿಯಲ್ಲಿ ಮನೆಯಾಗಿರುವುದನ್ನು ತಮ್ಮ ಮನೆ ಪುಸ್ತಕದಲ್ಲೂ ಮನೆಯೆಂದು ಬರೆಯಿರಿ, ಕಂದಾಯ ಹಾಕಿ. ಜೈನಾಬಮ್ಮ ಅದನ್ನು ಸಂತೋಷದಿಂದ ಕಟ್ಟುವ ಈ ಊರಿನ ಮೊದಲ ಪ್ರಜೆಯಾಗುತ್ತಾರೆ. ಆ ಜಾಗ ಪುರಸಭೆಗೆ ನಿಜವಾಗಿಯೂ ಬೇಕಿದ್ದರೆ, ಮೊದಲು ಒಂದು ನಿವೇಶನ ತೋರಿಸಿ, ಆಮೇಲೆ ಸರಪಳಿ ತನ್ನಿ. ಇಷ್ಟಕ್ಕೆಲ್ಲ ಸಭೆ ಸೇರಬೇಕು, ಠರಾವಾಗಬೇಕು ಎನ್ನುವಿರಾದರೆ ಬಿಲ್ಲನ್ನಾದರೂ ಈ ಪತ್ರ ತಲುಪಿದ ದಿನವೇ ಕೊಡಿ. ಅದಕ್ಕೆ ಠರಾವು ಬೇಡ, ಬೀಗದ ಕೈ ಸಾಕು. ಇದ್ಯಾವುದನ್ನೂ ನನ್ನ ಮುಖ ನೋಡಿ ಮಾಡಬೇಡಿ. ಗುರುತಿನವರಿಗೆ ಮಾಡುವ ಉಪಕಾರ ಈ ಊರಿಗೆ ಸಾಕಾಗಿದೆ. ಇನ್ನು ಮೇಲೆ ಯಾವುದರ ಮೇಲಾದರೂ ನಂಬರು ಬರೆಯುವ ಮೊದಲು ಬಾಗಿಲು ತಟ್ಟಬೇಕೆಂದು ಒಂದು ಆದೇಶ ಹೊರಡಿಸಿ. ತಿಪ್ಪೇಶಪ್ಪನ ಪಟ್ಟಿಗೆ ಒಂದು ಕಾಲಂ ಹೆಚ್ಚು ಮಾಡಿ.

ಹದಿನಾರರ ಬೆಳಿಗ್ಗೆ ನಾನು ರಜೆ ಹಾಕಿದ್ದೇನೆ. ಹರಾಜು ನಡೆದರೆ ಬಸ್ಸಿನ ಬಾಗಿಲಲ್ಲಿ ಕೂರುತ್ತೇನೆ. ಅದರಿಂದ ಏನಾಗುತ್ತದೆಂದು ನನಗೆ ಗೊತ್ತಿಲ್ಲ. ಅಷ್ಟು ಧೈರ್ಯ ಆ ದಿನ ಇರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ನಮ್ಮ ಮುಖ್ಯೋಪಾಧ್ಯಾಯರು, "ನಿಮಗ್ಯಾಕ್ರಿ ಇದೆಲ್ಲ?" ಎಂದು ಕೇಳಿದ್ದಾರೆ. ಇಪ್ಪತ್ತನಾಲ್ಕರಂದು ಸಂತೇಬೆನ್ನೂರಿನ ಬಸ್ಸಿನಿಂದ ತುಂಬು ಬಸುರಿಯೊಬ್ಬಳು ಇಳಿಯುತ್ತಾಳೆ. ಯಾವ ಕಡೆ ನಡೆಯಬೇಕೆಂದು ಆಕೆಗೆ ಹೇಳಬೇಕಾದವರು ತಾವು.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯುವುದನ್ನು ಸದ್ಯಕ್ಕೆ ತಡೆಹಿಡಿದಿರುವ,
ಎದುರು ಶಾಲೆಯ ಇಂಗ್ಲಿಷ್ ಟೀಚರು

ಕಚೇರಿ ನಲವತ್ತು ಹೆಜ್ಜೆ ದೂರವಿದ್ದರೂ, ತಲುಪಿಲ್ಲವೆಂದು ಯಾರೂ ಹೇಳದಿರಲೆಂದು ಇದನ್ನು ರಿಜಿಸ್ಟರ್ಡ್ ಅಂಚೆಗೆ ಹಾಕುವ ದಿನ: ನಾಳೆ, ಸೋಮವಾರ, ೮ನೇ ಆಗಸ್ಟ್ ೧೯೮೩.